ಎಲ್ಲರಿಗೂ ಎರಡನೆಯ ಭಾಷೆ

ಒಂದೇ ಪಟ್ಟಣ, ನಾಲ್ಕು ಭಾಷೆ. ಅಂದು ರಷ್ಯದ ಚಕ್ರವರ್ತಿಯ ಆಳಿಕೆಗೆ ಒಳಪಟ್ಟಿದ್ದು ಈಗ ಪೋಲೆಂಡಿಗೆ ಸೇರಿರುವ ಬಿಯಾಲಿಸ್ತೋಕ್‌ನಲ್ಲಿ ರಷ್ಯನರು, ಪೋಲರು, ಜರ್ಮನರು, ಯಹೂದ್ಯರು ನೆರೆಹೊರೆಯಲ್ಲಿದ್ದರೂ ಮನಸ್ಸಿನಿಂದ ದೂರವಾಗಿದ್ದರು. 1859ರಲ್ಲಿ ಅಲ್ಲಿನ ಯಹೂದ್ಯ ಮನೆಯೊಂದರಲ್ಲಿ ಹುಟ್ಟಿದ ಲುಡ್ವಿಕ್ ಜಾಮೆನ್‌ಹಾಫ್, ಬೀದಿಯಲ್ಲಿ ನಿತ್ಯವೂ ಕಂಡ ವೈರಕ್ಕೆ ಭಾಷಾಭೇದವೇ ಮುಖ್ಯ ಕಾರಣವೆಂದು ಬಾಲ್ಯದಲ್ಲಿಯೇ ಬಗೆದನು. ಯಾವ ಜನಾಂಗಕ್ಕೂ ಸೇರದ, ಎಲ್ಲರೂ ಸಮಾನವಾಗಿ ಕಲಿಯಬಹುದಾದ ಭಾಷೆಯೊಂದಿದ್ದರೆ? ಈ ಪ್ರಶ್ನೆ ಜೀವಮಾನವೆಲ್ಲ ಆತನನ್ನು ಬಿಡಲಿಲ್ಲ.

ಮುಂದೆ ನೇತ್ರವೈದ್ಯನಾದ ಆತ 1887ರಲ್ಲಿ ವಾರ್ಸಾ ನಗರದಲ್ಲಿ ಚಿಕ್ಕ ಪುಸ್ತಕವೊಂದನ್ನು ಪ್ರಕಟಿಸಿದನು. ಅಚ್ಚಿನ ವೆಚ್ಚಕ್ಕೆ ಒದಗಿದ್ದು ಮಾವ ಕೊಟ್ಟ ಹಣ. ಲೇಖಕನ ಹೆಸರಿರಬೇಕಾದಲ್ಲಿ 'ಡಾಕ್ಟರ್ ಎಸ್ಪೆರಾಂಟೊ' ಎಂದಿತ್ತು. 'ಆಶಿಸುವವನು' ಎಂಬುದು ಅದರ ಅರ್ಥ. ಆ ಗುಪ್ತನಾಮವೇ ಕಡೆಗೆ ಭಾಷೆಯ ಹೆಸರಾಯಿತು. ಒಂದು ಕೋಟಿ ಜನ ಒಪ್ಪಿದರೆ ತಾನೂ ಕಲಿಯುವೆನೆಂದು ಓದುಗನು ಸಹಿ ಹಾಕಬೇಕಾದ ವಚನಪತ್ರಗಳೂ ಪುಸ್ತಕದಲ್ಲಿದ್ದವು. ಮರಳಿ ಬಂದವು ಸುಮಾರು ಒಂದು ಸಾವಿರ ಮಾತ್ರ! ಆದರೂ ವೈದ್ಯನು ಎದೆಗುಂದಲಿಲ್ಲ. ಭಾಷೆ ಲೋಕದ ಸೊತ್ತೆಂದು ಸಾರಿ, ತನ್ನ ಹಕ್ಕನ್ನೆಲ್ಲ ಬಿಟ್ಟುಕೊಟ್ಟನು.

ಇದರ ವ್ಯಾಕರಣ ಅಚ್ಚರಿ ಹುಟ್ಟಿಸುವಷ್ಟು ಸರಳ. 28 ಅಕ್ಷರಗಳು, 16 ಮೂಲ ನಿಯಮಗಳು, ಬರೆದಂತೆಯೇ ಉಚ್ಚಾರ. ನಾಮಪದವೆಲ್ಲ 'ಒ'ಕಾರದಿಂದಲೂ ವಿಶೇಷಣವೆಲ್ಲ 'ಆ'ಕಾರದಿಂದಲೂ ಮುಗಿಯುತ್ತದೆ. 'ಪಾತ್ರೊ' ಎಂದರೆ ತಂದೆ, 'ಪಾತ್ರೀನೊ' ತಾಯಿ. 'ಬೋನಾ' ಒಳ್ಳೆಯ, 'ಮಾಲ್‌ಬೋನಾ' ಕೆಟ್ಟ. ಕನ್ನಡದಲ್ಲಿ ಕಲಿಯುತ್ತೇನೆ, ಕಲಿಯುತ್ತಾಳೆ, ಕಲಿಯುತ್ತಾರೆ ಎಂದು ಕ್ರಿಯಾಪದ ಬದಲಾಗುವುದಷ್ಟೆ. ಇಲ್ಲಿ ಯಾರು ಕಲಿತರೂ 'ಲೆರ್ನಾಸ್'. ಕಲಿತು ಮುಗಿದಿದ್ದರೆ 'ಲೆರ್ನಿಸ್'. ಇನ್ನು ಕಲಿಯುವುದಾದರೆ 'ಲೆರ್ನೋಸ್'. ಆದರೆ ಶಬ್ದಗಳ ಬೇರು ಬಹುಮಟ್ಟಿಗೆ ಯುರೋಪಿನದು. ಏಷ್ಯದವರಿಗೆ ಶ್ರಮ ಹೆಚ್ಚೆಂಬ ಆಕ್ಷೇಪ ನಿರಾಧಾರವಲ್ಲ.

1905ರಲ್ಲಿ ಫ್ರಾನ್ಸಿನ ಬೂಲೋನ್‌ನಲ್ಲಿ 20 ದೇಶಗಳ 688 ಮಂದಿ ನೆರೆದು, ದುಭಾಷಿಗಳ ಹಂಗಿಲ್ಲದೆ ಮಾತನಾಡಿದರು. ಮಾತೃಭಾಷೆಯನ್ನು ಕಸಿಯುವುದು ಇದರ ಗುರಿಯಾಗಿರಲಿಲ್ಲ. ಮನೆಯಲ್ಲಿ ಮನೆಯ ನುಡಿ, ಪರರೊಡನೆ ಈ ನುಡಿ, ಇಷ್ಟೇ ಅದರ ಬೇಡಿಕೆ. ಇಂಥ ನಿರುಪದ್ರವಿ ಭಾಷೆಗೂ ಶತ್ರುಗಳಿದ್ದರು. ಹಿಟ್ಲರನು ಇದರಲ್ಲಿ ಯಹೂದ್ಯರ ಸಂಚನ್ನು ಕಂಡನು. ಸ್ಟಾಲಿನ್ನನ ಕಾಲದಲ್ಲಿ, 1937ರ ಸುಮಾರಿಗೆ, ಇದನ್ನು ಬಲ್ಲವರು ಸೆರೆಮನೆ ಸೇರಿದರು, ಕೊಲೆಯಾದರು. ಜಾಮೆನ್‌ಹಾಫ್ 1917ರಲ್ಲಿ ತೀರಿಕೊಂಡಿದ್ದನು. ಆತನ ಮೂವರು ಮಕ್ಕಳೂ ನಾಜಿಗಳಿಗೆ ಬಲಿಯಾದರು. ಮಗ ಆದಾಮ್ 1940ರಲ್ಲಿ ಗುಂಡಿಗೆ. ಹೆಣ್ಣುಮಕ್ಕಳಾದ ಸೋಫಿಯಾ ಮತ್ತು ಲಿಡಿಯಾ 1942ರಲ್ಲಿ ಟ್ರೆಬ್ಲಿಂಕಾದ ಮರಣಶಿಬಿರದಲ್ಲಿ. ಲಿಡಿಯಾ ದೇಶದೇಶ ತಿರುಗಿ ತಂದೆಯ ಭಾಷೆಯನ್ನು ಕಲಿಸಿದವಳು.

ಭಾಷೆ ಮಾತ್ರ ಅಳಿಯಲಿಲ್ಲ. 1954ರಲ್ಲಿ ಯುನೆಸ್ಕೊ ಅದರ ಸಾಧನೆಯನ್ನು ಗುರುತಿಸಿ ನಿರ್ಣಯ ಕೈಗೊಂಡಿತು. ವಿಶ್ವ ಸಮ್ಮೇಳನಗಳು ಇಂದಿಗೂ ನಡೆಯುತ್ತಿವೆ. ವೈದ್ಯನು ಬೇಡಿದ ಒಂದು ಕೋಟಿ ವಚನ ಇನ್ನೂ ಕೂಡಿಬಂದಿಲ್ಲ. ಆದರೂ ಹೊಸದಾಗಿ ಕಲಿಯುವವರು ಪ್ರತಿವರ್ಷವೂ ಇದ್ದಾರೆ.