ಹೆಸರೂ ಅಳತೆಯೂ: ಕೇಪಿನ ರಿವಾಲ್ವರಿಗೆ ತೋಟಾ ಉರುಳೆಯ ಜೋಡಣೆ

ಶಬ್ದವು ತನ್ನ ಅವಯವಗಳ ಅರ್ಥದಿಂದಲೇ ವಸ್ತುವನ್ನು ಬೋಧಿಸಿದರೆ ಯೌಗಿಕವೆಂದೂ, ಅವಯವಾರ್ಥವನ್ನು ಬಿಟ್ಟು ಪ್ರಸಿದ್ಧಿಯ ಬಲದಿಂದ ಬೋಧಿಸಿದರೆ ರೂಢವೆಂದೂ ಶಾಸ್ತ್ರಕಾರರು ವಿಭಾಗಿಸಿರುವರು. ತಿಲದಿಂದಾದುದು ತೈಲ, ಆದರೂ ಸಾಸಿವೆಯಿಂದಾದುದಕ್ಕೂ ಅದೇ ಹೆಸರು ಸಲ್ಲುತ್ತಿದೆ. ಕನ್ನಡದ ‘ಎಣ್ಣೆ’ಯೂ ಮೊದಲು ಎಳ್ಳಿನ ನೆಯ್ಯಾಗಿದ್ದು, ಈಗ ಕೊಬ್ಬರಿಗೂ ಹರಳಿಗೂ ಒದಗುತ್ತಿದೆ. ಇದರಿಂದ ಯಾರಿಗೂ ಕೇಡಿಲ್ಲ. ಆದರೆ ಅಳತೆಯನ್ನು ಹೇಳಬೇಕಾದ ಸಂಖ್ಯೆಯೇ ರೂಢಿಗೆ ವಶವಾದರೆ ಫಲವು ಬೇರೆಯಾಗುವುದು. ಸಂಖ್ಯೆಗಿಂತ ಖಚಿತವಾದ ಶಬ್ದವಿಲ್ಲವೆಂದು ನಂಬಿದವನು ಹೆಸರನ್ನೇ ಅಳತೆಯೆಂದು ತಿಳಿದು ಲೋಹವನ್ನು ಲೋಹಕ್ಕೆ ಜೋಡಿಸುವನು. ಅಮೇರಿಕದ ಕೇಪಿನ ರಿವಾಲ್ವರನ್ನು ತೋಟಾ ರಿವಾಲ್ವರಾಗಿ ಮಾರ್ಪಡಿಸಿದ ಚರಿತ್ರೆಯು ಇದಕ್ಕೆ ಒಳ್ಳೆಯ ನಿದರ್ಶನ. ಅಲ್ಲಿ ಹೆಸರನ್ನು ನಂಬಿ ಮೋಸಹೋದವನ ಕೈಗೂ ಕಣ್ಣಿಗೂ ಅಪಾಯವುಂಟು.

೧. ಪೂರ್ವರೂಪ

ಸ್ಯಾಮ್ಯುಯೆಲ್ ಕೋಲ್ಟನು ೧೮೩೬ರಲ್ಲಿ ಅಮೇರಿಕದಲ್ಲಿ ಪೇಟೆಂಟು ಪಡೆದ ರಿವಾಲ್ವರಿನಲ್ಲಿ ನಳಿಗೆ ಒಂದೇ. ಅದರ ಹಿಂದೆ ತಿರುಗುವ ಉರುಳೆಯಲ್ಲಿ ಐದಾರು ಕುಳಿಗಳು. ಈ ಕುಳಿಗಳು ಮುಂದೆ ಮಾತ್ರ ತೆರೆದಿದ್ದು ಹಿಂದೆ ಮುಚ್ಚಿರುವುವು. ಮುಂದಿನಿಂದ ಕರಿಮದ್ದನ್ನು ತುಂಬಿ, ಸೀಸದ ಗುಂಡನ್ನಿಟ್ಟು ನಳಿಗೆಯ ಕೆಳಗಿನ ಸನ್ನೆಯಿಂದ ಒತ್ತಬೇಕು. ಹಿಂದಿನ ತೊಟ್ಟುಗಳ ಮೇಲೆ ತಾಮ್ರದ ಕೇಪುಗಳನ್ನು ಕೂರಿಸಬೇಕು. ಸುತ್ತಿಗೆಯು ಕೇಪನ್ನು ಹೊಡೆದಾಗ ಹುಟ್ಟಿದ ಕಿಡಿಯು ತೊಟ್ಟಿನ ರಂಧ್ರದಿಂದ ಮದ್ದಿಗೆ ತಾಗುವುದು. ತೋಟಾದಲ್ಲಿ ಹಾಗಲ್ಲ, ಮದ್ದು, ಗುಂಡು, ಕಿಡಿ ಮೂರೂ ಒಂದೇ ಲೋಹದ ಕೋಶದಲ್ಲಿ ಅಡಕವಾಗಿರುವುವು. ಅದನ್ನು ಹಿಂದಿನಿಂದ ತುಂಬಬೇಕಾದರೆ ಕುಳಿಯು ಉರುಳೆಯ ಆಚೆಯಿಂದೀಚೆಗೆ ತೂತಾಗಿರಬೇಕು. ಸಮಸ್ತ ವಿವಾದಕ್ಕೂ ಈ ತೂತೇ ಮೂಲ.

೨. ತೂತಿನ ಒಡೆತನ

ಉರುಳೆಯನ್ನು ಪೂರ್ತಿಯಾಗಿ ಕೊರೆಯುವ ಹಕ್ಕು ರೋಲಿನ್ ವೈಟ್ ಎಂಬವನಿಗೆ ೧೮೫೫ನೆಯ ಏಪ್ರಿಲ್ ೩ರ ಪೇಟೆಂಟಿನಿಂದ ಪ್ರಾಪ್ತವಾಯಿತು. ಮರುವರ್ಷ ಸ್ಮಿತ್ ಮತ್ತು ವೆಸನ್ ಸಂಸ್ಥೆಯವರು ರಿವಾಲ್ವರೊಂದಕ್ಕೆ ೨೫ ಸೆಂಟಿನಂತೆ ಕೊಡುವೆವೆಂದು ಒಪ್ಪಿ ಆ ಹಕ್ಕನ್ನು ಪಡೆದರು. ಪೇಟೆಂಟನ್ನು ನ್ಯಾಯಾಲಯಗಳಲ್ಲಿ ಕಾಪಾಡುವ ಹೊರೆಯು ಮಾತ್ರ ವೈಟನ ಮೇಲೆಯೇ ಉಳಿಯಿತು. ಹೀಗಾಗಿ ೧೮೬೧ರಿಂದ ೧೮೬೫ರವರೆಗಿನ ಅಂತರ್ಯುದ್ಧದಲ್ಲಿ, ತೋಟಾ ಬಳಕೆಗೆ ಬಂದಿದ್ದರೂ, ಸೈನ್ಯದ ಬಹುಪಾಲು ರಿವಾಲ್ವರುಗಳು ಕೇಪಿನವೇ ಆಗಿದ್ದುವು. ೧೮೬೯ರಲ್ಲಿ ಪೇಟೆಂಟಿನ ಅವಧಿ ಮುಗಿದು, ಅದನ್ನು ಮುಂದುವರಿಸಲು ವೈಟನು ಮಾಡಿದ ಪ್ರಯತ್ನಕ್ಕೆ ಅನುಕೂಲವಾಗಿ ಶಾಸನಸಭೆಯು ಒಪ್ಪಿದ ಮಸೂದೆಯನ್ನು ಅಧ್ಯಕ್ಷ ಗ್ರಾಂಟನು ೧೮೭೦ನೆಯ ಜನವರಿ ೧೧ರಂದು ನಿರಾಕರಿಸಿದನು. ಈ ಪೇಟೆಂಟಿನಿಂದ ಯುದ್ಧಕಾಲದಲ್ಲಿ ಸರ್ಕಾರಕ್ಕೆ ತೊಡಕುಂಟಾಯಿತೆಂಬ ಸೈನ್ಯದ ಆಯುಧಾಧಿಕಾರಿಯ ಪತ್ರವು ಆ ನಿರಾಕರಣಕ್ಕೆ ಆಧಾರವಾಗಿತ್ತು.

ಪೇಟೆಂಟು ಮುಗಿದ ಮೇಲೆಯೇ ಮಾರ್ಪಾಟು ಆರಂಭವಾಯಿತೆಂದು ಹೇಳುವುದುಂಟು. ಅದು ಪೂರ್ಣವಾಗಿ ಸರಿಯಲ್ಲ. ೧೮೬೮ರಲ್ಲಿಯೇ ರೆಮಿಂಗ್ಟನ್ ಸಂಸ್ಥೆಯು ಸ್ಮಿತ್ ಮತ್ತು ವೆಸನರೊಡನೆ ಒಪ್ಪಂದ ಮಾಡಿಕೊಂಡು ಕೆಲವು ಸಾವಿರ ರಿವಾಲ್ವರುಗಳನ್ನು ಮಾರ್ಪಡಿಸತೊಡಗಿತು. ಅದೇ ವರ್ಷ ಕೋಲ್ಟ್ ಕಾರ್ಖಾನೆಯ ಥ್ಯೂಯರನು ತೂತಿನ ನಿಷೇಧವನ್ನು ಮೀರದೆ, ಉರುಳೆಯ ಮುಂದಿನಿಂದಲೇ ತುಂಬುವ ಮೊನಚಾದ ತೋಟಾವನ್ನು ಕಲ್ಪಿಸಿದನು. ಇದು ಚಮತ್ಕಾರದ್ದಾದರೂ ಜನಕ್ಕೆ ಹಿಡಿಸಲಿಲ್ಲ. ೧೮೭೧ರಲ್ಲಿ ಪೇಟೆಂಟಾದ ರಿಚರ್ಡ್ಸನ ಕ್ರಮವೇ ನಿಂತಿತು: ಹಳೆಯ ಉರುಳೆಯ ಹಿಂಭಾಗವನ್ನು ಕತ್ತರಿಸಿ ಕುಳಿಗಳನ್ನು ಪೂರ್ತಿ ಕೊರೆಯುವುದು, ತೆಗೆದಷ್ಟು ಜಾಗದಲ್ಲಿ ತಿರುಗದ ಬಳೆಯೊಂದನ್ನು ಕೂರಿಸುವುದು, ಬಳೆಯಲ್ಲಿ ತೋಟಾ ತುಂಬಲು ಒಂದು ಕದ, ಕೇಪನ್ನು ಚುಚ್ಚಲು ಒಂದು ಮೊಳೆ, ಗುಂಡೊತ್ತುವ ಸನ್ನೆಯ ಜಾಗದಲ್ಲಿ ಖಾಲಿ ಕೋಶವನ್ನು ಹೊರದೂಡುವ ಕಡ್ಡಿ. ಬಳಿಕ ಮೇಸನನು ಇದನ್ನು ಸರಳಗೊಳಿಸಿದನು. ೧೮೭೩ರಲ್ಲಿ ಮೊದಲಿನಿಂದಲೇ ತೋಟಾಕ್ಕಾಗಿ ರಚಿಸಿದ ಕೋಲ್ಟ್ ರಿವಾಲ್ವರು ಸೈನ್ಯಕ್ಕೆ ಬಂದ ಮೇಲೆ ಮಾರ್ಪಾಟಿನ ಅವಶ್ಯಕತೆಯು ಕ್ರಮವಾಗಿ ತಗ್ಗಿತು.

೩. ಸಂಖ್ಯೆಗಳ ರೂಢಿ

ಕೇಪಿನ ಕಾಲದಲ್ಲಿ ಆಯುಧದ ಸಂಖ್ಯೆಯು ನಳಿಗೆಯೊಳಗೆ ಸುರುಳಿಗೆರೆಗಳನ್ನು ಕೊರೆಯುವುದಕ್ಕೆ ಮೊದಲಿನ ರಂಧ್ರದ ವ್ಯಾಸವನ್ನು ಅಂಗುಲದ ಶತಾಂಶಗಳಲ್ಲಿ ಹೇಳುತ್ತಿತ್ತು. ೧೮೫೧ರ ‘ನೇವಿ’ ರಿವಾಲ್ವರು ೩೬. ೧೮೬೦ರ ‘ಆರ್ಮಿ’ ರಿವಾಲ್ವರು ೪೪. ಆದರೆ ಗುಂಡು ಸುರುಳಿಗೆರೆಯ ತಳವನ್ನು ತುಂಬಬೇಕಾದುದರಿಂದ ಮೊದಲನೆಯದರ ಗುಂಡು ಸುಮಾರು ೦.೩೭೫ ಅಂಗುಲ, ಎರಡನೆಯದರದು ೦.೪೫೧ಕ್ಕೆ ಕಡಿಮೆಯಿಲ್ಲ. ಆಗ ಗುಂಡನ್ನು ಕುಳಿಗೆ ಒತ್ತುವಾಗಲೇ ಅದರ ಅಂಚು ಸವೆದು ಸರಿಹೊಂದುತ್ತಿದ್ದುದರಿಂದ ಈ ಭೇದವು ಬಾಧಿಸಲಿಲ್ಲ.

ಮಾರ್ಪಾಟಿನಲ್ಲಿ ಕುಳಿಯು ಒಂದೇ ಅಗಲದ ನೇರವಾದ ತೂತಾಯಿತು. ಅದರಲ್ಲಿ ಕೋಶವೂ ಕೂರಬೇಕು, ಗುಂಡೂ ಹಳೆಯ ಅಗಲವಾದ ನಳಿಗೆಯನ್ನು ತುಂಬಬೇಕು. ಇದಕ್ಕಾಗಿ ಗುಂಡಿನ ಮೈಯನ್ನು ಕೋಶದ ಹೊರಮೈಯಷ್ಟೇ ದಪ್ಪವಾಗಿ ಮಾಡಿ, ಹಿಂಭಾಗವನ್ನು ಮಾತ್ರ ಹಿಮ್ಮಡಿಯಂತೆ ಕಿರಿದುಗೊಳಿಸಿ ಕೋಶದೊಳಕ್ಕೆ ಸಿಕ್ಕಿಸಿದರು. ಇಂದಿಗೂ ೨೨ ಎಂಬ ಸಣ್ಣ ತೋಟಾದಲ್ಲಿ ಈ ರಚನೆಯನ್ನು ಕಾಣಬಹುದು. ಹೀಗೆ ಹುಟ್ಟಿದ ತೋಟಾದ ಕೋಶವು ಸುಮಾರು ೦.೩೭೯ ಅಂಗುಲವಾದುದರಿಂದ ಅದಕ್ಕೆ ೩೮ ಎಂದು ಹೆಸರಾಯಿತು. ಅಲ್ಲಿಯವರೆಗೆ ಹೆಸರು ಯೌಗಿಕವೇ.

ಆದರೆ ಹೊರಗಿನ ಗುಂಡಿಗೆ ಬಳಿದ ಜಿಡ್ಡು ಧೂಳನ್ನು ಹಿಡಿಯುತ್ತಿತ್ತು. ಆದುದರಿಂದ ಮುಂದೆ ಗುಂಡಿನ ಬುಡವನ್ನೂ ಜಿಡ್ಡನ್ನೂ ಕೋಶದೊಳಕ್ಕೆ ಸೇರಿಸಿದರು. ಗುಂಡು ಕೋಶದ ಒಳವ್ಯಾಸಕ್ಕೆ ಇಳಿಯಿತು. ೩೮ರ ಗುಂಡು ೦.೩೫೭ ಅಥವಾ ೦.೩೫೮ ಅಂಗುಲವಾಯಿತು, ೪೪ರ ಗುಂಡು ೦.೪೨೯ಕ್ಕೆ ಬಂದಿತು. ಹೆಸರುಗಳು ಮಾತ್ರ ಹಾಗೆಯೇ ಉಳಿದುವು. ಎಳ್ಳು ಹೋಗಿ ಎಣ್ಣೆಯುಳಿದಂತೆ ಇಲ್ಲಿ ವ್ಯಾಸವು ಹೋಗಿ ಸಂಖ್ಯೆಯು ಉಳಿಯಿತು.

ಇದರ ಫಲವು ವಿಚಿತ್ರ. ೩೬ ಎಂದು ಹೆಸರಿರುವ ನಳಿಗೆಗೆ ೩೮ ಎಂದು ಹೆಸರಿರುವ ಇಂದಿನ ಗುಂಡು ಕಿರಿದಾಗಿ ಸಡಿಲುವುದು. ೪೪ ಎಂಬ ಕೇಪಿನ ನಳಿಗೆಗೆ ಇಂದಿನ ೪೪ರ ಗುಂಡು ಹೊಂದದು, ಸುಮಾರು ೦.೪೫೨ ಅಂಗುಲದ ‘೪೫ ಕೋಲ್ಟ್’ ಗುಂಡೇ ಹೊಂದುವುದು. ರೆಮಿಂಗ್ಟನ್ನಿನ ‘೧೮೫೮’ ಎಂಬ ಪ್ರಸಿದ್ಧ ಮಾದರಿಯ ಹೆಸರೂ ಇಂಥದೇ. ೧೮೫೮ ಎಂಬುದು ನಳಿಗೆಯ ಮೇಲೆ ಮುದ್ರಿತವಾದ ಪೇಟೆಂಟಿನ ವರ್ಷ. ಆಯುಧವು ತಯಾರಾಗತೊಡಗಿದ್ದು ೧೮೬೩ರಲ್ಲಿ.

೪. ಪ್ರತಿಕೃತಿಗಳಲ್ಲಿ ಜೋಡಣೆ

ಇಪ್ಪತ್ತನೆಯ ಶತಮಾನದ ಉತ್ತರಾರ್ಧದಿಂದ ಇಟಲಿಯ ಬ್ರೆಷಿಯ ಪ್ರಾಂತದ ಉಬೆರ್ತಿ, ಪಿಯೆತ್ತಾ ಮೊದಲಾದ ಕಾರ್ಖಾನೆಗಳು ಈ ಹಳೆಯ ರಿವಾಲ್ವರುಗಳ ಪ್ರತಿಕೃತಿಗಳನ್ನು ಮಾಡುತ್ತಿವೆ. ಅಮೇರಿಕದಲ್ಲಿ ಅವಕ್ಕೆ ತೋಟಾ ಉರುಳೆಗಳು ಬೇರೆಯಾಗಿ ದೊರೆಯುವುವು. ಅವುಗಳಲ್ಲಿ ಎರಡು ಪ್ರಸ್ಥಾನಗಳಿವೆ. ಕರ್ಸ್ಟ್ ಕ್ರಮದಲ್ಲಿ ರಿಚರ್ಡ್ಸನಂತೆ ತಿರುಗದ ಬಳೆಯೂ ಅದರಲ್ಲಿ ಒಂದೇ ಮೊಳೆಯೂ ಇರುವುವು. ಹೊವೆಲ್ ಕ್ರಮದಲ್ಲಿ ಉರುಳೆಯ ಬೆನ್ನಿಗೆ ಕುಳಿಗೊಂದರಂತೆ ಮೊಳೆಗಳುಳ್ಳ ಮುಚ್ಚಳವಿದ್ದು, ಉರುಳೆಯೊಡನೆ ಅದೂ ತಿರುಗುವುದು. ತುಂಬುವುದಕ್ಕೆ ಉರುಳೆಯನ್ನು ಹೊರತೆಗೆಯಬೇಕು. ೪೫ರ ತೋಟಾದ ಬುಡದ ಅಂಚು ಅರ್ಧ ಅಂಗುಲಕ್ಕಿಂತ ತುಸು ಹೆಚ್ಚು. ರೆಮಿಂಗ್ಟನ್ ಉರುಳೆಯ ವೃತ್ತದಲ್ಲಿ ಅಂಥ ಆರು ಅಂಚುಗಳು ಒಂದನ್ನೊಂದು ತಾಗುವುವು. ಆದುದರಿಂದ ಒಂದು ಪಕ್ಷದವರು ಕುಳಿಗಳನ್ನು ಐದಕ್ಕೆ ಇಳಿಸಿದರು. ಇನ್ನೊಂದು ಪಕ್ಷದವರು ಕುಳಿಗಳನ್ನು ಹಿಂದಕ್ಕೆ ಕೊಂಚ ಹೊರವಾಲುವಂತೆ ಕೊರೆದು ಆರನ್ನೇ ಉಳಿಸಿದರು.

ಹಳೆಯ ಉರುಳೆಯನ್ನು ತೆಗೆದು ಹೊಸದನ್ನಿಟ್ಟರೆ ಸಾಕಲ್ಲವೆ ಎಂದು ಶಂಕಿಸಬಹುದು. ಸಾಲದು. ಸುತ್ತಿಗೆಯನ್ನೆಳೆದಾಗ ಒಂದು ಕೊಕ್ಕೆಯು ಉರುಳೆಯ ಹಲ್ಲನ್ನು ನೂಕಿ ತಿರುಗಿಸುವುದು. ಕೆಳಗಿನ ಚಿಲಕವು ಉರುಳೆಯ ಕಚ್ಚಿನಲ್ಲಿ ಬಿದ್ದು ನಿಲ್ಲಿಸುವುದು. ಇವೆರಡೂ ಹೊಂದದಿದ್ದರೆ ಕುಳಿಯು ನಳಿಗೆಗೆ ನೇರವಾಗಿ ನಿಲ್ಲದೆ ಗುಂಡಿನ ಅಂಚು ಕತ್ತರಿಸಿ ಪಕ್ಕಕ್ಕೆ ಸಿಡಿಯುವುದು. ಒಂದು ಕಾರ್ಖಾನೆಯ ಅಳತೆಯು ಇನ್ನೊಂದರದಲ್ಲವಾದುದರಿಂದಲೇ ಉಬೆರ್ತಿಗೆ ಬೇರೆ, ಪಿಯೆತ್ತಾಕ್ಕೆ ಬೇರೆ ಉರುಳೆಗಳು. ಕೋಲ್ಟ್ ಮಾದರಿಯಲ್ಲಿ ಮೇಲ್ಪಟ್ಟಿಯಿಲ್ಲ. ನಳಿಗೆಯನ್ನು ಚೌಕಟ್ಟಿಗೆ ಬಂಧಿಸಿರುವುದು ಅಡ್ಡವಾಗಿ ಹೊಡೆದ ಬೆಣೆಯೊಂದೇ. ಬೆಣೆಯ ಬಿಗಿಯಿಂದ ಉರುಳೆಗೂ ನಳಿಗೆಗೂ ನಡುವಣ ಸಂದು ವ್ಯತ್ಯಾಸವಾಗುವುದರಿಂದ ಅಲ್ಲಿ ಹೆಚ್ಚಿನ ಎಚ್ಚರ ಬೇಕು. ಹಿತ್ತಾಳೆಯ ಚೌಕಟ್ಟಿನ ಪ್ರತಿಕೃತಿಗಳಿಗೆ ಈ ಜೋಡಣೆಯು ಸಲ್ಲದು. ಉಕ್ಕಿನವುಗಳಲ್ಲಿಯೂ ಕರಿಮದ್ದಿನ ಅಥವಾ ಅದರಷ್ಟೇ ಮೆದುವಾದ ಒತ್ತಡದ ತೋಟಾಗಳನ್ನೇ ಬಳಸಬೇಕು. ಉರುಳೆಯು ಹೊಸತಾದರೂ ಚೌಕಟ್ಟು ಕೇಪಿನ ಕಾಲದ ಬಲಕ್ಕೆ ರಚಿತವಾದುದು. ಬಲಿಷ್ಠವಾದ ಅಂಶವು ದುರ್ಬಲವಾದುದಕ್ಕೆ ತನ್ನ ಬಲವನ್ನು ಕೊಡಲಾರದು.

ಜೋಡಣೆಯಿಂದ ವ್ಯವಹಾರದಲ್ಲಿಯೂ ಹೆಸರು ಬದಲಾಗುವುದು. ಅಮೇರಿಕದ ೧೯೬೮ರ ಆಯುಧ ಕಾಯಿದೆಯು ಕೇಪಿನ ಪ್ರತಿಕೃತಿಯನ್ನು ಪುರಾತನಾಯುಧಗಳ ವರ್ಗದಲ್ಲಿ ಎಣಿಸುವುದಕ್ಕೆ ಅದು ಸಿದ್ಧ ತೋಟಾವನ್ನು ಹಾರಿಸಲಾರದೆಂಬುದು ಒಂದು ಕಾರಣ. ತೋಟಾ ಉರುಳೆಯು ಕುಳಿತೊಡನೆ ಆ ಕಾರಣವು ತಪ್ಪುವುದು. ನೋಟಕ್ಕೆ ಅದೇ ವಸ್ತು, ಕಾಯಿದೆಯ ಕಣ್ಣಿಗೆ ಬೇರೆ.

ಆದುದರಿಂದ ಈ ವಿಷಯದಲ್ಲಿ ಶಬ್ದವು ಪ್ರಮಾಣವಲ್ಲ, ಪ್ರತ್ಯಕ್ಷವೇ ಪ್ರಮಾಣ. ಬಲ್ಲ ಕಮ್ಮಾರನು ನಳಿಗೆಯ ಮೇಲೆ ಕೆತ್ತಿದ ಸಂಖ್ಯೆಯನ್ನೋದಿ ತೃಪ್ತನಾಗುವುದಿಲ್ಲ. ಬರಿದಾದ ನಳಿಗೆಯಲ್ಲಿ ಮೆದುವಾದ ಸೀಸದ ತುಂಡೊಂದನ್ನು ಈ ತುದಿಯಿಂದ ಆ ತುದಿಗೆ ದಾಟಿಸಿ, ಅದರ ಮೇಲೆ ಮೂಡಿದ ಗೆರೆಗಳ ನಡುವಣ ಅಗಲವನ್ನು ಅಳೆದು, ಅನಂತರವೇ ಉರುಳೆಯನ್ನೂ ಗುಂಡನ್ನೂ ಆರಿಸುವನು.