ಅರ್ಜಿದಾರರ ಗಮನಕ್ಕೆ: ಇ-ಮೇಲ್ ಸಂದೇಶಗಳನ್ನು ಓದುವ ಹಾಗೂ ನಿರ್ವಹಿಸುವ ವಿಧಾನ

ಅರ್ಜಿಯಲ್ಲಿ ಇ-ಮೇಲ್ ವಿಳಾಸ ನಮೂದಿಸುವ ಕಲಬುರಗಿ ನಗರ ಹಾಗೂ ಕಮಲಾಪುರ ತಾಲ್ಲೂಕಿನ ಸಾರ್ವಜನಿಕರು ಮೊದಲಿಗೆ ಒಂದು ಅಂಶವನ್ನು ಅರಿತಿರುವುದು ಅವಶ್ಯ. ಮಾಹಿತಿ ತಂತ್ರಜ್ಞಾನ ಅಧಿನಿಯಮ, 2000ರ ಪ್ರಕರಣ 13ರಂತೆ, ಬೇರೆ ಒಪ್ಪಂದವಿಲ್ಲದಿದ್ದಲ್ಲಿ, ವಿಳಾಸದಾರರು ಸೂಚಿಸಿದ ಕಂಪ್ಯೂಟರ್ ವ್ಯವಸ್ಥೆಯನ್ನು ಸಂದೇಶವು ಪ್ರವೇಶಿಸಿದ ಸಮಯವೇ ಅದು ತಲುಪಿದ ಸಮಯ. ತೆರೆದು ಓದಿದ ದಿನವು ಲೆಕ್ಕಕ್ಕೆ ಬರುವುದಿಲ್ಲ. ಹೆಚ್ಚುವರಿ ದಾಖಲೆ ಕೋರಿ ಕಳುಹಿಸಿದ ಪತ್ರಕ್ಕೆ ‘ನಾನು ನೋಡಿರಲಿಲ್ಲ’ ಎಂಬುದು ಉತ್ತರವಾಗಲಾರದು.

ಆದ್ದರಿಂದ ನಮೂದಿಸುವ ವಿಳಾಸವು ಅರ್ಜಿದಾರರ ಸ್ವಂತದ್ದೇ ಆಗಿರಲಿ. ಅರ್ಜಿ ತುಂಬಿಕೊಟ್ಟ ಕಂಪ್ಯೂಟರ್ ಅಂಗಡಿಯವರ ವಿಳಾಸ ಕೊಡುವ ರೂಢಿ ಇನ್ನೂ ಇದೆ. ಕಮಲಾಪುರದಿಂದ ಬಸ್ಸಿನಲ್ಲಿ ಬಂದು ‘ನಮ್ಮ ಅರ್ಜಿ ಏನಾಯಿತು’ ಎಂದು ವಿಚಾರಿಸುವವರ ಉತ್ತರವು ಕೆಲವೊಮ್ಮೆ ಅಂಗಡಿಯವರ ಇನ್‌ಬಾಕ್ಸ್‌ನಲ್ಲಿಯೇ ಉಳಿದಿರುತ್ತದೆ.

ಇನ್‌ಬಾಕ್ಸ್‌ನಲ್ಲಿ ದಪ್ಪ ಅಕ್ಷರದಲ್ಲಿ ಕಾಣುವುವು ಓದದ ಸಂದೇಶಗಳು. ಒಮ್ಮೆ ತೆರೆದರೆ ಅಕ್ಷರ ತೆಳುವಾಗಿ, ಮುಖ್ಯ ಪತ್ರವೂ ಉಳಿದವುಗಳಲ್ಲಿ ಬೆರೆತುಹೋಗುತ್ತದೆ. ಅಂತಹ ಪತ್ರಕ್ಕೆ ನಕ್ಷತ್ರದ ಗುರುತು ಹಾಕಿರಿ, ಇಲ್ಲವೇ ಪುನಃ ‘ಓದಿಲ್ಲ’ ಎಂದು ಗುರುತಿಸಿರಿ.

ಸ್ಪ್ಯಾಮ್ ವಿಭಾಗವನ್ನು ವಾರಕ್ಕೊಮ್ಮೆಯಾದರೂ ಪರಿಶೀಲಿಸತಕ್ಕದ್ದು. ಕಚೇರಿಯ ಪತ್ರವೂ ತಪ್ಪಿ ಅಲ್ಲಿಗೆ ಸೇರುವುದುಂಟು. ಜಿಮೇಲ್‌ನಲ್ಲಿ ಆ ವಿಭಾಗದ ಸಂದೇಶಗಳು 30 ದಿನಗಳ ನಂತರ ತಾವಾಗಿಯೇ ಅಳಿಸಿಹೋಗುತ್ತವೆ. ಸಾಮಾನ್ಯ ಹುಡುಕಾಟದಲ್ಲಿಯೂ ಅವು ಕಾಣಸಿಗುವುದಿಲ್ಲ. ಅಲ್ಲಿ ದೊರೆತ ಪತ್ರವನ್ನು ‘ಸ್ಪ್ಯಾಮ್ ಅಲ್ಲ’ ಎಂದು ಗುರುತಿಸಿದರೆ ಅದು ಇನ್‌ಬಾಕ್ಸ್‌ಗೆ ಮರಳುತ್ತದೆ.

ಹಳೆಯ ಪತ್ರ ಹುಡುಕಲು ಅರ್ಜಿ ಸಂಖ್ಯೆಯೇ ಉತ್ತಮ ಸಾಧನ. ಸಂಖ್ಯೆ ನೆನಪಿಲ್ಲದೆ ಊರಿನ ಹೆಸರಿನಿಂದ ಹುಡುಕುವವರು ‘ಗುಲ್ಬರ್ಗಾ’, ‘ಕಲಬುರಗಿ’ ಎರಡನ್ನೂ ಪ್ರಯತ್ನಿಸಬೇಕು. ಹೆಸರು ಅಧಿಕೃತವಾಗಿ ಬದಲಾದದ್ದು 2014ರ ನವೆಂಬರ್ 1ರಂದು. ಅದಕ್ಕೂ ಹಿಂದಿನ ಪತ್ರಗಳಲ್ಲಿ ಹಳೆಯ ಹೆಸರೇ ಇರುತ್ತದೆ.

ಉತ್ತರಿಸುವಾಗ ಹೊಸ ಸಂದೇಶ ಬರೆಯದೆ, ಬಂದ ಪತ್ರದಲ್ಲಿಯೇ ‘ಪ್ರತ್ಯುತ್ತರ’ ಒತ್ತಿರಿ. ಹಿಂದಿನ ವ್ಯವಹಾರವೆಲ್ಲ ಒಂದೇ ಸರಣಿಯಲ್ಲಿ ಉಳಿಯುತ್ತದೆ. ‘ನೋ-ರಿಪ್ಲೈ’ ಎಂದಿರುವ ವಿಳಾಸಗಳಿಗೆ ಮಾತ್ರ ಉತ್ತರ ಬರೆದು ಪ್ರಯೋಜನವಿಲ್ಲ. ಪತ್ರದೊಳಗೆ ತಿಳಿಸಿದ ಕಚೇರಿಯನ್ನೇ ಸಂಪರ್ಕಿಸಿರಿ. ಲಗತ್ತಿಸಿದ ದಾಖಲೆ ತೆರೆಯುತ್ತದೆಯೇ ಎಂದು ಕಳುಹಿಸುವ ಮೊದಲೇ ನೋಡಿಕೊಳ್ಳುವುದು ಒಳಿತು. ಮೊಬೈಲಿನಲ್ಲಿ ತೆಗೆದ ಮಸುಕು ಚಿತ್ರವನ್ನು ಯಾವ ಅಧಿಕಾರಿಯೂ ಓದಲಾರರು.

ಕಳುಹಿಸಿದವರ ಹೆಸರನ್ನಷ್ಟೇ ನಂಬಬೇಡಿ. ಹೆಸರನ್ನು ಯಾರು ಬೇಕಾದರೂ ಹಾಕಿಕೊಳ್ಳಬಹುದು. ಪೂರ್ಣ ವಿಳಾಸವನ್ನು ಕೊನೆಯವರೆಗೂ ಓದಿರಿ. ಗುಪ್ತಪದ ಅಥವಾ ಓಟಿಪಿ ಕೇಳುವ ಪತ್ರಕ್ಕೆ ಉತ್ತರಿಸಕೂಡದು. ಹಣ ಕಳೆದುಕೊಂಡಿದ್ದಲ್ಲಿ ವಿಳಂಬವಿಲ್ಲದೆ 1930ಕ್ಕೆ ಕರೆ ಮಾಡಿರಿ.

ಸಾರ್ವಜನಿಕ ಕಂಪ್ಯೂಟರಿನಲ್ಲಿ ಪತ್ರ ನೋಡಿದವರು ಎದ್ದು ಹೋಗುವ ಮುನ್ನ ‘ಲಾಗ್ ಔಟ್’ ಮಾಡಿ, ಇಳಿಸಿಕೊಂಡ ಪ್ರಮಾಣಪತ್ರದ ಪ್ರತಿಯನ್ನು ಆ ಯಂತ್ರದಿಂದ ಅಳಿಸತಕ್ಕದ್ದು.