ಎಸೆತ, ಹಿಡಿತ, ನೆಗೆತ: ಆಟಕ್ಕೂ ಮೊದಲಿನ ಪಾಠ

ಮಲ್ಲೇಶ್ವರದ ಕೆನರಾ ಯೂನಿಯನ್ ಸಭಾಂಗಣದಲ್ಲಿ ಮದುವೆ ಇದ್ದ ದಿನ ಬ್ಯಾಡ್ಮಿಂಟನ್ ಇರುತ್ತಿರಲಿಲ್ಲ. 1960ರ ದಶಕದ ಮಾತು. ಇವತ್ತು ಅಲ್ಲಿ ಸಮಾರಂಭ ಇದೆಯೋ ಇಲ್ಲವೋ ಎಂದು ಸುತ್ತಲಿನ ಹುಡುಗರು ದಿನವೂ ಕಾಯುತ್ತಿದ್ದರು. ಇಲ್ಲವೆಂದು ಗೊತ್ತಾದರೆ ಶಾಲೆ ಬಿಟ್ಟ ಮೇಲೆ ಸೀದಾ ಅಲ್ಲಿಗೇ ಓಟ. ಹಾಗೆ ಓಡುತ್ತಿದ್ದವರಲ್ಲಿ ಪ್ರಕಾಶ್ ಪಡುಕೋಣೆ ಒಬ್ಬರು. ತಂದೆ ರಮೇಶ್ ಪಡುಕೋಣೆ ಮೈಸೂರು ಬ್ಯಾಡ್ಮಿಂಟನ್ ಸಂಸ್ಥೆಯ ಕಾರ್ಯದರ್ಶಿ. ಮಗನನ್ನು ಆಟಕ್ಕೆ ಹಚ್ಚಿದವರು ಅವರೇ. 1962ರಲ್ಲಿ ರಾಜ್ಯ ಜೂನಿಯರ್ ಪಂದ್ಯಾವಳಿಯ ಮೊದಲ ಸುತ್ತಿನಲ್ಲೇ ಸೋತ ಹುಡುಗ ಎರಡು ವರ್ಷದ ಬಳಿಕ ಅದೇ ಪ್ರಶಸ್ತಿ ಗೆದ್ದ. 1971ರಲ್ಲಿ ರಾಷ್ಟ್ರೀಯ ಚಾಂಪಿಯನ್ ಪಟ್ಟ, 1980ರಲ್ಲಿ ಆಲ್ ಇಂಗ್ಲೆಂಡ್ ಪ್ರಶಸ್ತಿ ಬಂದವು.

ಇದನ್ನು ಪ್ರತಿಭೆಯ ಕಥೆಯೆಂದು ಹೇಳುವವರೇ ಹೆಚ್ಚು. ಶಾಲೆಗಳಿಗೆ ಉಪಯೋಗಕ್ಕೆ ಬರುವ ಭಾಗ ಬೇರೆ ಇದೆ. ಮನೆ ಹತ್ತಿರ ಒಂದು ಜಾಗ, ಜೊತೆಗೆ ಆಡುವವರು, ತಿದ್ದಲು ಒಬ್ಬ ಹಿರಿಯರು, ಈ ಮೂರೂ ಆ ಹುಡುಗನಿಗೆ ಎಳೆಯ ವಯಸ್ಸಿನಲ್ಲೇ ಸಿಕ್ಕವು. ಇವು ಸಿಗದ ಮಗುವಿಗೆ ಶಾಲೆಯ ಆಟದ ಪೀರಿಯಡ್ಡೇ ಗತಿ.

ಆ ಪೀರಿಯಡ್ಡಿನಲ್ಲಿ ಕಲಿಸಬೇಕಾದದ್ದು ಏನು? ಕ್ರಿಕೆಟ್ಟೇ, ಕಬಡ್ಡಿಯೇ ಎನ್ನುವುದು ಆಮೇಲಿನ ಪ್ರಶ್ನೆ. ಎಲ್ಲ ಆಟಗಳಿಗೂ ಅಡಿಯಲ್ಲಿ ಕೆಲವೇ ಕೆಲವು ಚಲನೆಗಳಿವೆ. ಓಟ, ನೆಗೆತ, ಕುಂಟುವುದು, ಪಕ್ಕಕ್ಕೆ ಸರಿಯುವುದು ಜಾಗ ಬದಲಿಸುವ ಚಲನೆಗಳು. ಎಸೆಯುವುದು, ಹಿಡಿಯುವುದು, ಒದೆಯುವುದು, ಹೊಡೆಯುವುದು, ಪುಟಿಸುವುದು ವಸ್ತುವನ್ನು ಪಳಗಿಸುವಂಥವು. ಒಂಟಿಕಾಲಲ್ಲಿ ನಿಲ್ಲುವುದು, ಗಿರ್ರನೆ ತಿರುಗುವುದು, ಎತ್ತರದಿಂದ ಹಾರಿ ಮಂಡಿ ಬಗ್ಗಿಸಿ ಇಳಿಯುವುದು ಮೈಯ ಸಮತೋಲ ಕಾಯುವಂಥವು. ಸರಿಯಾಗಿ ಕಲಿಸಿದರೆ 7–8 ವರ್ಷದ ಹೊತ್ತಿಗೆ ಇವುಗಳಲ್ಲಿ ಹೆಚ್ಚಿನವು ಮಗುವಿಗೆ ಕರಗತವಾಗಬಲ್ಲವು. ಆದರೆ ವಯಸ್ಸಾದಂತೆ ತಾವಾಗಿಯೇ ಬರುತ್ತವೆ ಎಂದು ನಂಬಿ ಕೂರುವಂತಿಲ್ಲ. ಅಮೆರಿಕದ ಸಂಶೋಧಕ ವರ್ನ್ ಸೀಫೆಲ್ಟ್ 1980ರಲ್ಲಿ ಇಲ್ಲೊಂದು ಅಡ್ಡಗೋಡೆ ಇದೆ ಎಂದು ವಾದಿಸಿದರು: ಈ ಮೂಲ ಚಲನೆಗಳು ಬಾರದ ಮಗು ಮುಂದೆ ಯಾವ ಕ್ರೀಡೆಗೂ ಸುಲಭವಾಗಿ ಕಾಲಿಡಲಾರದು. ಚೆಂಡು ಹಿಡಿಯಲು ಬಾರದ ಏಳನೇ ತರಗತಿ ಹುಡುಗಿಯನ್ನು ಬೌಂಡರಿ ಗೆರೆಗೆ ಕಳಿಸುತ್ತಾರೆ. ಅಲ್ಲಿ ಚೆಂಡೇ ಬರುವುದಿಲ್ಲ. ಮರುವರ್ಷ ಆಕೆ ಮೈದಾನಕ್ಕೇ ಬರುವುದಿಲ್ಲ.

ಎಸೆತವನ್ನೇ ನೋಡೋಣ. ಮೂರು ವರ್ಷದ ಮಗು ಎದುರಿಗೆ ನೆಟ್ಟಗೆ ನಿಂತು ಬರೀ ಮೊಣಕೈಯಿಂದ ಚೆಂಡನ್ನು ದೂಡುತ್ತದೆ, ಕಾಲು ಅಲುಗುವುದಿಲ್ಲ. ಇನ್ನಷ್ಟು ಬೆಳೆದಾಗ ಕಾಲು ಮುಂದಿಡುತ್ತದೆ, ಆದರೆ ಎಸೆಯುವ ಕೈಯ ಕಡೆಯದೇ ಕಾಲು. ಬಲಗೈಯಲ್ಲಿ ಎಸೆಯುವಾಗ ಎಡಗಾಲು ಮುಂದೆ ಬರುವುದು, ಸೊಂಟ ಮೊದಲು ತಿರುಗಿ ಆಮೇಲೆ ಭುಜ ತಿರುಗುವುದು, ಚೆಂಡು ಬಿಟ್ಟ ಮೇಲೂ ಕೈ ಅಡ್ಡಲಾಗಿ ಕೆಳಗಿಳಿಯುವುದು ಕೊನೆಯ ಹಂತ. ಎಷ್ಟೋ ಮಕ್ಕಳು, ಅದರಲ್ಲೂ ಹೆಣ್ಣುಮಕ್ಕಳು, ನಡುವಿನ ಹಂತದಲ್ಲೇ ನಿಂತುಬಿಡುತ್ತಾರೆ. ಅವರ ಕೈಗೆ ಚೆಂಡು ಸಿಕ್ಕಿದ್ದೇ ಕಡಿಮೆ ಎಂಬುದು ಅದಕ್ಕೆ ದೊಡ್ಡ ಕಾರಣ. ತಿದ್ದಲು ಬೇಕಾದದ್ದು ಒಂದು ಚೂರು ಸೀಮೆಸುಣ್ಣ. ನೆಲದ ಮೇಲೆ ಎಡಪಾದದ ಗುರುತು ಬರೆದು, ಅಲ್ಲಿ ಹೆಜ್ಜೆಯಿಟ್ಟು ಎಸೆ ಎಂದರೆ ಸಾಕು. ಹೇಳುವ ರೀತಿಯೂ ಮುಖ್ಯ. "ಮೊಣಕೈ ಎತ್ತು" ಎನ್ನುವುದಕ್ಕಿಂತ "ಗೋಡೆಯ ಆ ಗೆರೆಯ ಮೇಲಕ್ಕೆ ತಾಗಿಸು" ಎಂದರೆ ಕಲಿಕೆ ಹೆಚ್ಚು ಸಲೀಸು. ಗಮನ ಕೈಕಾಲಿನ ಮೇಲಿರದೆ ಗುರಿಯ ಮೇಲಿದ್ದಾಗ ಚಲನೆ ಸುಧಾರಿಸುತ್ತದೆ ಎಂಬುದನ್ನು ಗೇಬ್ರಿಯೆಲ್ ವುಲ್ಫ್ ಮತ್ತು ಸಂಗಡಿಗರು 1990ರ ದಶಕದಿಂದ ಹಲವು ಪ್ರಯೋಗಗಳಲ್ಲಿ ಕಂಡಿದ್ದಾರೆ.

ಹಳೆಯ ಬೆಂಗಳೂರಿನಲ್ಲಿ ಈ ಪಾಠದ ಬಹುಪಾಲನ್ನು ಬೀದಿಯೇ ಮಾಡುತ್ತಿತ್ತು. 1892ರಲ್ಲಿ ಚಾಮರಾಜಪೇಟೆ ತಲೆಯೆತ್ತಿತು. 1898ರ ಪ್ಲೇಗಿನ ಬಳಿಕ ಬಸವನಗುಡಿ ಮತ್ತು ಮಲ್ಲೇಶ್ವರ ಬೆಳೆದವು. ನೇರ ರಸ್ತೆಗಳು, ಮನೆಗಳ ಹಿಂದೆ ನೈರ್ಮಲ್ಯಕ್ಕೆಂದು ಬಿಟ್ಟ ಕನ್ಸರ್ವೆನ್ಸಿ ಗಲ್ಲಿಗಳು, ಬಸವನಗುಡಿಯಲ್ಲಿ ಹತ್ತಲು ಕಹಳೆ ಬಂಡೆ. ಮಕ್ಕಳಿಗೆ ಕೂಡಲು ಬೀದಿಯಷ್ಟೇ ಅಲ್ಲ, ಸಂಘವೂ ಇತ್ತು: ಆರ್. ಕಲ್ಯಾಣಮ್ಮನವರು 1938ರಲ್ಲಿ ಮಕ್ಕಳಿಗೆಂದೇ ಮಕ್ಕಳ ಕೂಟ ಕಟ್ಟಿದರು; ಚಾಮರಾಜಪೇಟೆಯ ವೃತ್ತವೊಂದಕ್ಕೆ ಇಂದಿಗೂ ಅದರ ಹೆಸರಿದೆ.

ಬೀದಿಯ ಆಟಗಳನ್ನೇ ನೋಡಿ. ಕುಂಟೆಬಿಲ್ಲೆ ಆಡುವ ಮಗು ಒಂಟಿಕಾಲಲ್ಲಿ ನೆಗೆದು, ಗೆರೆ ಮೆಟ್ಟದೆ ಇಳಿದು, ಬಗ್ಗಿ, ಮತ್ತೆ ನೆಗೆಯುತ್ತದೆ. ಮರಕೋತಿಯಲ್ಲಿ ಕೊಂಬೆ ಹಿಡಿದು ಜೋತಾಡಿ ಹಾರುವುದಿದೆ. ಲಗೋರಿಯಂತೂ ಇಡೀ ಒಂದು ಪಠ್ಯಕ್ರಮ! ಕಲ್ಲುಗಳ ಗೋಪುರಕ್ಕೆ ಗುರಿಯಿಟ್ಟು ಎಸೆಯಬೇಕು. ಬಿದ್ದ ಕೂಡಲೇ ಓಡಬೇಕು. ಎದುರಾಳಿ ಬೀಸಿದ ಚೆಂಡಿನಿಂದ ಮೈ ತಪ್ಪಿಸಿಕೊಳ್ಳಬೇಕು. ಏದುಸಿರು ಬಿಡುತ್ತಲೇ ನಡುಗದ ಕೈಯಲ್ಲಿ ಕಲ್ಲಿನ ಮೇಲೆ ಕಲ್ಲಿಡಬೇಕು. ಎರಡು ಎಸೆತ ಒಂದೇ ದೂರದಿಂದ ಬರುವುದಿಲ್ಲ. ಈ ಏರುಪೇರೇ ಕಲಿಕೆಗೆ ಒಳ್ಳೆಯದೆಂದು 1978ರಲ್ಲಿ ಕೆರ್ ಮತ್ತು ಬೂತ್ ಎಂಬ ಸಂಶೋಧಕರು ಒಂದು ಸರಳ ಪ್ರಯೋಗದಲ್ಲಿ ತೋರಿಸಿದರು. 8 ವರ್ಷದ ಮಕ್ಕಳಲ್ಲಿ ಒಂದು ಗುಂಪು 3 ಅಡಿ ದೂರದ ಗುರಿಗೇ ಕಾಳಿನ ಚೀಲ ಎಸೆದು ಅಭ್ಯಾಸ ಮಾಡಿತು. ಇನ್ನೊಂದು ಗುಂಪು 2 ಮತ್ತು 4 ಅಡಿಯಿಂದ ಎಸೆಯಿತೇ ಹೊರತು 3 ಅಡಿಯಿಂದ ಎಸೆಯಲೇ ಇಲ್ಲ. ಕೊನೆಗೆ 3 ಅಡಿಯ ಪರೀಕ್ಷೆಯಲ್ಲಿ ಗೆದ್ದದ್ದು ಎರಡನೆಯ ಗುಂಪು. ಸಾಲಾಗಿ ನಿಲ್ಲಿಸಿ ಒಂದೇ ಚಲನೆಯನ್ನು ಒಂದೇ ರೀತಿ ನೂರು ಸಲ ಮಾಡಿಸುವ ಪದ್ಧತಿಗೆ ಇದು ನೇರ ಉತ್ತರ.

ಕೈಕಾಲು ಸರಿಯಿಲ್ಲದ ಮಗುವನ್ನು ಆಟದ ಹೊತ್ತಿನಲ್ಲಿ ಪಕ್ಕಕ್ಕೆ ಕೂರಿಸುವ ಶಾಲೆಗಳು ಕ್ರಿಕೆಟಿಗ ಬಿ.ಎಸ್. ಚಂದ್ರಶೇಖರ್ ಅವರನ್ನು ನೆನೆಯಬೇಕು. ಎಳವೆಯಲ್ಲೇ ಪೋಲಿಯೊ ತಗುಲಿ ಬಲಗೈ ಸೊರಗಿತ್ತು. ಬೆಂಗಳೂರಿನ ಬೀದಿಗಳಲ್ಲಿ ರಬ್ಬರ್ ಚೆಂಡಿನಲ್ಲಿ ಆಡುತ್ತ ಬೆಳೆದ ಹುಡುಗ ಅದೇ ಕೈಯಲ್ಲಿ ಬೌಲ್ ಮಾಡಿದ. ಫೀಲ್ಡಿಂಗಿನಲ್ಲಿ ಎಸೆಯಲು ಎಡಗೈ ಬಳಸಿದ. 1971ರಲ್ಲಿ ಓವಲ್ ಮೈದಾನದಲ್ಲಿ 38 ರನ್ನಿಗೆ 6 ವಿಕೆಟ್ ಕಿತ್ತು ಇಂಗ್ಲೆಂಡ್ ನೆಲದಲ್ಲಿ ಭಾರತಕ್ಕೆ ಮೊದಲ ಟೆಸ್ಟ್ ಸರಣಿ ಗೆಲ್ಲಿಸಿದವರು ಅವರು. ಆಟದಿಂದ ಹೊರಗಿಡದೆ ಇದ್ದುದರಿಂದ ಆ ಮೈ ತನ್ನದೇ ದಾರಿ ಹುಡುಕಿಕೊಂಡಿತು.

ಈಗ ಆ ಬೀದಿಗಳ ಎರಡೂ ಬದಿಗೆ ಕಾರು ನಿಂತಿವೆ. ಹಾಗಾಗಿ ಬೀದಿ ಕಲಿಸುತ್ತಿದ್ದುದನ್ನು ಶಾಲೆ ಗೊತ್ತಿದ್ದೇ ಕಲಿಸಬೇಕು. ನಲವತ್ತು ಮಕ್ಕಳು, ಒಂದು ಚೆಂಡು, ಒಂದು ಉದ್ದನೆಯ ಸಾಲು ಎಂದಾದರೆ ಪ್ರತಿ ಮಗುವಿಗೂ ಒಂದೋ ಎರಡೋ ಎಸೆತ ಸಿಕ್ಕೀತು. ಹಳೆ ಬಟ್ಟೆಯಲ್ಲಿ ಹುಣಸೆಬೀಜ ತುಂಬಿ ಹೊಲಿದ ಚೀಲ ಇಬ್ಬರಿಗೊಂದು ಕೊಟ್ಟರೆ ಹತ್ತು ನಿಮಿಷದಲ್ಲಿ ಹತ್ತಾರು ಎಸೆತ, ಹತ್ತಾರು ಹಿಡಿತ ಆಗುತ್ತವೆ. ಮುಖ ತಿರುಗಿಸಿ ಎದೆಗವಚಿಕೊಂಡು ಹಿಡಿಯುವ ಪುಟ್ಟ ಮಗುವಿಗೆ ಮೊದಲು ಬಲೂನು, ಆಮೇಲೆ ದೊಡ್ಡ ಮೆತ್ತನೆಯ ಚೆಂಡು, ಭಯ ಹೋದ ಮೇಲೆ ಟೆನಿಸ್ ಚೆಂಡು. ಔಟಾದವರು ಹೊರಗೆ ಕೂರುವ ಆಟಗಳನ್ನು ಆದಷ್ಟು ಬಿಡಬೇಕು. ಮೊದಲು ಔಟಾಗುವುದು ಅಭ್ಯಾಸ ಹೆಚ್ಚು ಬೇಕಾದ ಮಗುವೇ. ಖೋ ಖೋ ಆಡಿಸುವುದಾದರೆ ಇಡೀ ತಂಡ ಕಟ್ಟುವ ಮೊದಲು ಕುಕ್ಕುರುಗಾಲಿನಿಂದ ಚಂಗನೆ ಏಳುವುದು, ಕಂಬ ಹಿಡಿದು ಸುತ್ತಿ ತಿರುಗುವುದು, ಓಡುತ್ತ ಮೈ ಹೊರಳಿಸುವುದನ್ನು ಮೂರು ಮೂರು ಮಕ್ಕಳ ಗುಂಪಿನಲ್ಲಿ ಆಡಿಸಬಹುದು. ಈ ಆಟ ಹಳ್ಳಿಯಿಂದ ಬಲುದೂರ ಒಯ್ಯಬಲ್ಲದು: 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಖೋ ಖೋ ವಿಶ್ವಕಪ್ ಗೆದ್ದ ಭಾರತದ ಮಹಿಳಾ ತಂಡದಲ್ಲಿ ಟಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಚೈತ್ರಾ ಇದ್ದರು.

ಕಲಿಸುವವರ ತರಬೇತಿಗೆ ನಮ್ಮ ಸೀಮೆಯಲ್ಲಿ ಹಳೆಯ ಇತಿಹಾಸವಿದೆ. ಹ್ಯಾರಿ ಕ್ರೋ ಬಕ್ 1920ರಲ್ಲೇ ಮದರಾಸಿನಲ್ಲಿ ವೈಎಂಸಿಎ ದೈಹಿಕ ಶಿಕ್ಷಣ ಕಾಲೇಜು ತೆರೆದರು. ಆದರೂ ಬಹುಕಾಲ ಡ್ರಿಲ್ ಮೇಷ್ಟ್ರು ಎಂದರೆ ಸೀಟಿ, ಸಾಲು, ಸಾವಧಾನ್ ಇಷ್ಟೇ ಎಂಬ ಭಾವನೆ ಉಳಿಯಿತು. 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರತಿ ಶಾಲೆಗೂ ಆಟದ ಮೈದಾನ ಮತ್ತು ಆಟದ ಸಾಮಗ್ರಿ ಇರಬೇಕೆನ್ನುತ್ತದೆ. ಆದರೆ 6ರಿಂದ 8ನೇ ತರಗತಿಯಲ್ಲಿ, ಅದೂ ನೂರಕ್ಕಿಂತ ಹೆಚ್ಚು ಮಕ್ಕಳಿದ್ದರೆ, ಅರೆಕಾಲಿಕ ದೈಹಿಕ ಶಿಕ್ಷಣ ಬೋಧಕರನ್ನಷ್ಟೇ ಕೇಳುತ್ತದೆ. ಅಂದರೆ ಚಲನೆ ಕಲಿಯಲು ಹೇಳಿ ಮಾಡಿಸಿದ ಒಂದರಿಂದ ಐದನೇ ತರಗತಿಗೆ ಕಾಯ್ದೆಯಲ್ಲಿ ಅಂಥ ಬೋಧಕರೇ ಇಲ್ಲ. ಕೇಂದ್ರ ಸರ್ಕಾರದ ಖೇಲೋ ಇಂಡಿಯಾ ಯೋಜನೆಯ ಶಾಲಾ ಪರೀಕ್ಷೆ 5ರಿಂದ 8 ವರ್ಷದವರ ಎತ್ತರ–ತೂಕದ ಅನುಪಾತ, ಒಂಟಿಕಾಲ ಸಮತೋಲ ಮತ್ತು ಕೈಯ ವೇಗವನ್ನು ಅಳೆಯುತ್ತದೆ. ಎಸೆತ, ಹಿಡಿತ ಅದರಲ್ಲಿಲ್ಲ. ಪರೀಕ್ಷೆಯಿಂದ ಪಾಠ ಆಗುವುದೂ ಇಲ್ಲ. ಈ ಕೊರತೆಗಳು ಸರಿಹೋಗಬೇಕು.

5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷದ ಮಧ್ಯಮದಿಂದ ಬಿರುಸಿನವರೆಗಿನ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ತಾಯಿತಂದೆಯರು ಮುಂದಿನ ಪೋಷಕರ ಸಭೆಯಲ್ಲಿ ಅಂಕಗಳ ಜೊತೆ ಇದನ್ನೂ ಕೇಳಲಿ: ವಾರಕ್ಕೆ ಎಷ್ಟು ಆಟದ ಪೀರಿಯಡ್ ಇವೆ, ಪರೀಕ್ಷೆ ಹತ್ತಿರ ಬಂದಾಗ ಅವು ಗಣಿತಕ್ಕೆ ಹೋಗುತ್ತವೆಯೇ, ನಮ್ಮ ಮಗು ಚೆಂಡು ಹಿಡಿಯುವುದನ್ನು ಯಾರು ಕಲಿಸುತ್ತಿದ್ದಾರೆ?